ತಂತಿ ಇಲ್ಲದ ಗೇಣು

ಬೆಸುಗೆಯ ಹೊಗೆ ಎಳೆಯಾಗಿ ಮೇಲೆದ್ದು, ತಮ್ಮನ ಕನ್ನಡಕದ ಅಂಚಿಗೆ ತಗುಲಿ ಎರಡಾಯಿತು, ಎರಡೂ ಕಿಟಕಿಯ ಕಡೆಗೇ ಹೋದವು, ಒಳ್ಳೆಯದು, ಅಕ್ಕನಿಗೆ ಈ ವಾಸನೆ ಆಗದು, ಗಂಟಲಿಗೇ ಹತ್ತುತ್ತೆ ಕಣೋ — ಆದರೂ ದಿನಾ ಸಂಜೆ ಬರುತ್ತಿದ್ದಳು, ಗೋಡೆ ಹಿಡಿದು, ಬಾಗಿಲ ಚೌಕಟ್ಟು ಹಿಡಿದು, ಮೇಜಿನ ಅಂಚು ಸಿಕ್ಕೊಡನೆ ಕಣ್ಣು ಬಂದವಳಂತೆ. ದೃಷ್ಟಿ ಹೋದ ಮೇಲೆ ಈ ಮೇಜಿನಗಲದ ಯುರೋಪನ್ನು, ಅದರ ಪುಟ್ಟ ಆಟಿಕೆ ರೈಲುದಾರಿಯನ್ನು ಬೆರಳಿನಿಂದಲೇ ಸುತ್ತಿದವಳು, ಇದು ಸುರಂಗ, ಇದು ನಿಲ್ದಾಣದ ಹೆಂಚು, ಈ ಗೊಂಬೆ ಮುದುಕ ಇನ್ನೂ ಪೆಟ್ಟಿಗೆ ಹಿಡ್ಕೊಂಡು ಇಲ್ಲೇ ನಿಂತಿದ್ದಾನಲ್ಲೋ, ಇವನಿಗೆ ಯಾವ ರೈಲೂ ಆಗಲ್ವಾ — ನಿನ್ನೆಯವರೆಗೆ. ನಿನ್ನೆ ಟಪ್ಪೆಂದಿತು. ಹಳಿಯ ಮೇಲೆ ಕಟ್ಟಿದ ಕೂದಲೆಳೆಯಂಥ ತಂತಿ, ಅನ್ನಕ್ಕಾಗಿ ಪರರ ಸೇತುವೆಗಳಿಗೆ ಗೆರೆ ಎಳೆದ ನಕ್ಷೆಗಾರ ಮುಪ್ಪಿನಲ್ಲಿ ತನಗೆಂದು ಎಳೆದುಕೊಂಡ ಒಂದೇ ಗೆರೆ, ಕಂಬದಿಂದ ಕಂಬಕ್ಕೆ. ಹಳಿ ಬಾಗುತ್ತದೆ, ತಂತಿ ಬಾಗದು, ಹಳಿ ಕಂಸವಾದರೆ ತಂತಿ ಜ್ಯಾ, ನೇರದಾರಿಯಲ್ಲೂ ನಡುಮಧ್ಯಕ್ಕೆ ಕಟ್ಟಬಾರದು, ಒಂದು ಕಂಬದಲ್ಲಿ ತುಸು ಎಡ, ಮುಂದಿನದರಲ್ಲಿ ತುಸು ಬಲ, ಇಲ್ಲದಿದ್ದರೆ ಎಂಜಿನ್ನಿನ ನೆತ್ತಿಯಿಂದ ತಂತಿಗೆ ಒತ್ತಿಕೊಂಡು ಸಾಗುವ ಮಡಚುಗೈ ಒಂದೇ ಕಡೆ ಸವೆದು ಗೀರು ಬೀಳುತ್ತದೆ — ಆ ಮಡಚುಗೈ, ಸ್ಪ್ರಿಂಗಿನ ಬಲದಲ್ಲಿ ಸದಾ ಮೇಲಕ್ಕೆ ಚಾಚಿ, ಏನನ್ನಾದರೂ ಮುಟ್ಟಲೇಬೇಕೆಂಬಂತೆ. ಕರೆಂಟು ಹಳಿಯಲ್ಲಿದೆ, ತಂತಿ ಬರೀ ಶೋಭೆಗೆ, ಮತ್ಯಾಕೋ ಈ ಒದ್ದಾಟ, ನಿಜದಲ್ಲಿ ಹೀಗೇ ಇರುತ್ತೆ ಅಕ್ಕ, ನಿಜ ನನಗೆ ಕಾಣಲ್ಲ ಬಿಡಪ್ಪ ಎಂದು ನಕ್ಕಿದ್ದಳು. ನಿನ್ನೆ ಹೆಂಚು ಹುಡುಕಿ ಬೆರಳಿಳಿಸಿದಳು, ಟಪ್, ಅಯ್ಯೋ ಕಿತ್ತುಬಿಟ್ಟೆನೇನೋ, ಇರಲಿ ಬಿಡು ಎಂದ, ಆದರೆ ಎನ್ನುವ ಮೊದಲು ಒಂದು ಉಸಿರಿನಷ್ಟು ಸುಮ್ಮನಿದ್ದ, ಕಾಣದವಳ ಕಿವಿ ಆ ಉಸಿರನ್ನು ಲೆಕ್ಕಕ್ಕೆ ಹಿಡಿಯಿತು, ಕೈ ಮಡಿಲಿಗೆ ಹೋಯಿತು, ನೀನು ಓಡಿಸು, ನಾನು ಸದ್ದು ಕೇಳ್ತೀನಿ, ಸಾಕು — ಸಾಕು ಎನ್ನುವ ಹೆಂಗಸೇ ಅಲ್ಲ ಅವಳು.

ಬೆಳಿಗ್ಗೆ ಕಿತ್ತದ್ದನ್ನು ಬೆಸೆದ, ಬೆಸೆದು ನೋಡಿದ, ಚೆನ್ನಾಗಿತ್ತು, ಕತ್ತರಿ ತೆಗೆದು ನಿಲ್ದಾಣದ ಮೇಲಿನ ತಂತಿಯನ್ನು ಪೂರ್ತಿ ಕತ್ತರಿಸಿದ, ಕಳೆಯುವುದೂ ಲೆಕ್ಕವೇ. ಉಳಿದ ತುದಿಗಳನ್ನು ಈಗ ಕಂಬಕ್ಕೆ ಬಿಗಿದದ್ದಾಯಿತು, ಆದರೆ ಲೆಕ್ಕ ಕೂಡುತ್ತಿಲ್ಲ, ತಂತಿ ಮುಗಿದೊಡನೆ ಮಡಚುಗೈ ಬರಿಗಾಳಿಗೆ ಚಿಮ್ಮುತ್ತದೆ, ಚಿಮ್ಮಿದ್ದು ಮುಂದಿನ ತಂತಿಯ ತುದಿಗೆ ಸಿಕ್ಕಿ ಗಾಡಿ ನಿಲ್ಲುತ್ತದೆ, ತುದಿಯನ್ನು ಮೇಲಕ್ಕೆ ಬಾಗಿಸಿದರೂ ಅಷ್ಟೇ, ಮತ್ತೆ ಓಡಿಸಿದ, ಮತ್ತೆ ಸಿಕ್ಕಿತು, ತಂತಿ ಇದ್ದರೆ ಅವಳಿಲ್ಲ, ತಂತಿ ತೆಗೆದರೆ ಗಾಡಿಯಿಲ್ಲ — ಗೋಡೆಯ ಮೇಲೆ ಅಂಗೈ ಸವರುವ ಸದ್ದು, ಏನೋ ಇವತ್ತು ಇಷ್ಟು ಹೊಗೆ, ಊರು ಸುಟ್ಯಾ, ಕೂತ್ಕೋ ಅಕ್ಕ, ಕೂತಳು, ಕೈ ಮಡಿಲಲ್ಲೇ, ಅವನು ಸಿಕ್ಕಿದ್ದನ್ನು ಬಿಡಿಸಿ ಗಾಡಿಯನ್ನು ಮತ್ತೆ ಬಿಟ್ಟ. ಹೆಂಚು ಮುಟ್ಟು. ಬೇಡಪ್ಪ, ಮತ್ತೆ ನೀನು ಉಸಿರು ಹಿಡ್ಕೋತೀಯ. ಅಲ್ಲಿ ತಂತಿ ಇಲ್ಲ. ಯಾಕಿಲ್ಲ? ಇಲ್ಲ, ಅಷ್ಟೆ. ಎಷ್ಟು ದೂರ ಇಲ್ಲ? ನಿನ್ನ ಒಂದು ಗೇಣು. ಓಹೋ, ನಿನ್ನ ಲೆಕ್ಕದಲ್ಲಿ ನಾನೂ ಶೇಷ ಉಳಿದೆ ಅನ್ನು — ಕೈ ಎದ್ದಿತು, ಗಾಳಿಯಲ್ಲಿ ತಡೆಯಿತು, ಹೆಬ್ಬೆರಳು ಹೆಂಚಿಗೆ ಊರಿತು, ತೋರುಬೆರಳು ಹಳಿಯ ಮೇಲೆ ಸೇತುವೆಯಂತೆ ಚಾಚಿ ಮುಂದಿನ ಕಂಬವನ್ನು ಮೆಲ್ಲಗೆ ತಾಗಿ ನಿಂತಿತು, ಗಾಡಿ ಆಗಲೇ ಸುರಂಗ ಬಿಟ್ಟಿದೆ, ನಿಲ್ಲಿಸಬೇಕು, ಅವನ ಹೆಬ್ಬೆರಳು ಗುಂಡಿಯ ಮೇಲಿದೆ, ಒತ್ತುತ್ತಿಲ್ಲ, ತಂತಿ ಮುಗಿಯಿತು, ಮಡಚುಗೈ ಚಿಮ್ಮಿತು, ಅವಳ ಬೆರಳಿಗೆ ಬಡಿಯಿತು, ಬಡಿದು ಬಗ್ಗಿ, ಬೆರಳಿನಡಿಯೇ ಜಾರುತ್ತಾ ಮುಂದಿನ ತಂತಿಯ ಕೆಳಗೆ ನುಸುಳಿ ಹೋಯಿತು, ಏಯ್, ಅದು ನನ್ನನ್ನ ಮುಟ್ಟಿತು ಕಣೋ, ಹೂಂ, ಇನ್ನೊಂದು ಸುತ್ತು ಬಿಡೋ, ಹೂಂ, ಎಡವೂ ಅಲ್ಲದ ಬಲವೂ ಅಲ್ಲದ ಆ ಬೆರಳು, ನಡುಮಧ್ಯಕ್ಕೆ, ಅದರ ಕೆಳಗೆ ಮೇಲಕ್ಕೆ ಚಾಚಿ ಬರುತ್ತಿರುವ ಕೈ, ಬೆರಳು, ಕೈ, ಬೆರಳು —