ಮೇಸ್ತ್ರಿಯ ಎಂಟು ದಿನ

ಕಣ್ಣು ಮುಚ್ಚಿದ್ಲು, ಹೌದು, ಮುಚ್ಚೇ ಇದ್ಲು ಹುಲಿಗೆಮ್ಮ, ನಡುಮನೇಲಿ ನಿಂತು, ಬೆಳಗಿನ ರೈಲು ರಾಮಗಿರಿ ಟೇಷನ್ ಬಿಟ್ಟು ಕೂಗೋ ಹೊತ್ತಲ್ಲಿ — ಕಟ್ಟೆ ಮೇಲೆ ಟೀ ಲೋಟ ಹಿಡ್ಕಂಡು ಕುಂತಿದ್ದೋನು ಸುಮ್ನೆ ಒಳಕ್ಕೆ ತಿರುಗಿದೆ, ಮುಖ ಅಷ್ಟೇ ಕಾಣ್ತು, ನನ್ನ ಕಣ್ಣಿಗೆ ಈಗ ಒಂದ್ಸಲಕ್ಕೆ ಒಂದೇ ಕಾಣೋದು, ಮುಖ ಕಂಡ್ರೆ ಕೈ ಇಲ್ಲ ಕೈ ಕಂಡ್ರೆ ಕಾಲಿಲ್ಲ, ಎರಡಿಂಚು ಪೈಪಿನೊಳಗಿಂದ ನೋಡಿದಂಗೆ — ಮುಚ್ಚಿದ ರೆಪ್ಪೆ, ಅಲ್ಲಾಡೋ ತುಟಿ, ಹಣೇಲಿ ಅರ್ಧ ಅಳಿಸಿದ ಕುಂಕುಮ, ಏನ್ ಮಾಡ್ತಿದ್ಲು ಇವ್ಳು ಅಲ್ಲಿ, ದೇವ್ರ ಗೂಡು ಇರೋದು ಆ ಕಡೆ ಗೋಡೇಲಿ, ಇವ್ಳ ಮುಖ ಈ ಕಡೆ, ಪೂಜೆ ಅಂತೂ ಅಲ್ಲ, ತಲೆ ಸುತ್ತು ಬಂತಾ, ಬಿಪಿ ಮಾತ್ರೆ ತಪ್ಪಿಸಿದ್ಲಾ, ಲೇ ಹುಲಿಗೀ ಅಂತ ಕೂಗಿದ್ರೆ ಫಟ್ ಅಂತ ಕಣ್ಣು ಬಿಟ್ಟು ಏನ್ರಿ ಅಂದು ಒಲೆ ಕಡೆ ಹೋದ್ಲು, ಏನಿಲ್ಲ ಅಂದೆ, ಏನಿಲ್ಲ ಅಂದ್ರೆ ಏನಕ್ಕೆ ಕೂಗಿದ್ರಿ ಅಂದ್ಲು, ಮೂವತ್ನಾಲ್ಕು ವರ್ಷದಿಂದ ಇದೇ ಮಾತು ನಮ್ದು. ಆದ್ರೂ ಕಣ್ಣು ಯಾಕೆ ಮುಚ್ಚಿದ್ಲು. ಕೇಳೋಕೆ ಹೋದ್ರೆ ಮಾತು ನನ್ನ ಕಣ್ಣಿಗೇ ಬರುತ್ತೆ, ಅದು ನಂಗೆ ಬ್ಯಾಡ, ಅವಳ ಹತ್ರ ಪೊರೆ ಅಂತ ಹೇಳಿದೀನಿ, ಡ್ರಾಪ್ಸ್ ಬಿಟ್ಕಂತಾ ಇದ್ರೆ ಸರಿಹೋಗುತ್ತೆ ಅಂತ, ದೀಪಾವಳಿಲಿ ದುರ್ಗದ ಕಣ್ಣಿನ ಡಾಕ್ಟ್ರು ಹೇಳಿದ್ದೇ ಬ್ಯಾರೆ — ಇದು ಪೊರೆ ಅಲ್ಲ ನಾಗಣ್ಣ, ಒಳಗಿನ ನರ ಒಣಗ್ತಾ ಇದೆ, ಹೋಗಿರೋ ನೋಟ ವಾಪಸ್ ಬರಲ್ಲ, ಇರೋದನ್ನ ಎಷ್ಟು ದಿನ ಉಳಿಸ್ಕೊಳ್ಳೋಕಾಗುತ್ತೋ ನೋಡೋಣ. ಎಷ್ಟು ದಿನ ಸಾರ್ ಅಂದೆ. ಹಂಗೆಲ್ಲ ಹೇಳೋಕಾಗಲ್ಲ ಅಂದ್ರು. ಬಿಡ್ಲಿಲ್ಲ ನಾನು, ಒಂದು ಅಂದಾಜು ಹೇಳ್ರಿ ಸಾರ್ ಅಂದೆ, ಕಡೆಗೆ, ಆರು ತಿಂಗಳು ಅಂತ ಇಟ್ಕೊಳ್ಳಿ ಅಂದ್ರು. ಅದಾಗಿ ನಾಲ್ಕು ತಿಂಗಳಾಯ್ತು, ಶಿವರಾತ್ರಿ ಕಳೆದು ಇವತ್ತಿಗೆ ನಾಲ್ಕು ದಿನ, ಆರು ತಿಂಗಳು ತುಂಬೋ ಬಸವ ಜಯಂತಿಗೆ ಇನ್ನ ಅರವತ್ತು ದಿನ.

ಅದಕ್ಕೇ ಈ ಮನೆ ರಿಪೇರಿ. ನಿನ್ನ ಮಂಡಿ ನೋವಿಗೆ ಕಣೇ ಅಂತ ಹುಲಿಗೆಮ್ಮಂಗೆ ಹೇಳಿದೀನಿ, ಹಿತ್ತಲ ಬಚ್ಚಲನ್ನ ಒಳಕ್ಕೆ ತರಾಣ, ಅಡಿಗೆಮನೆ ನೆಲ ಎತ್ತರಿಸಿ ನಡುಮನೆ ಮಟ್ಟಕ್ಕೆ ಮಾಡಾಣ, ಅವ್ಳು ಹ್ಞೂಂ ಅಂದ್ಲು ಅಷ್ಟೇ, ಎದುರು ಮಾತಾಡದೆ ಒಪ್ಪಿದ್ದೇ ಒಂದು ಆಶ್ಚರ್ಯ. ನಿಜ ಏನಪ್ಪ ಅಂದ್ರೆ ಕತ್ತಲಾಗೋ ಮುಂಚೆ ಪೂರ್ತಿ ಮುಗಿದ ಮನೇನ ಒಂದ್ಸಲ ನಾನು ಕಣ್ಣಲ್ಲಿ ಅಳೀಬೇಕು, ನಲ್ಲಿ ಎಲ್ಲಿ, ಬಾಗಿಲು ಎಲ್ಲಿ, ತಿರುವು ಎಲ್ಲಿ, ನೋಡಿ ತಲೇಲಿ ಇಟ್ಕಂಡ್ಬಿಟ್ರೆ ಆಮೇಲೆ ಯಾರ ಕೈ ಹಿಡ್ಕಳದೂ ಬ್ಯಾಡ, ಹೊಳಲ್ಕೆರೆಯಿಂದ ಹೊಸದುರ್ಗದವರೆಗೆ ಅಷ್ಟು ಮನೆ ಕಟ್ಟಿದೋನು ತನ್ನ ಮನೇಲಿ ಬಚ್ಚಲಿಗೆ ಹೋಗೋಕೆ ಹೆಂಡ್ತೀನ ಕರೀಬೇಕು ಅಂದ್ರೆ, ಥೂ, ಭಯ ಆಗುತ್ತೆ ನಂಗೆ, ಸುಳ್ಳ್ಯಾಕೆ ಹೇಳ್ಲಿ. ಮುಗಿಯುತ್ತಾ ಇಲ್ವಾ, ಅದೊಂದೇ ಲೆಕ್ಕ ಈಗ. ಎಂಟು ಗಂಟೆಗೆ ದುರುಗೇಶ ಬಂದ, ಟೇಪು ಹಿಡ್ಕಂಡು, ನನ್ನ ಜೊತೇಲೇ ಕರಣೆ ಹಿಡಿದು ಕಲ್ತೋನು, ಈಗ ಅವನೂ ಮೇಸ್ತ್ರಿ, ಒಂದೇ ಸಲಕ್ಕೆ ಮೂರು ಊರಲ್ಲಿ ಕೆಲಸ ಹಿಡಿದವ್ನೆ. ಎಷ್ಟು ದಿನ ಲೇ ದುರುಗ ಅಂದೆ. ಬಚ್ಚಲು ಗೋಡೆ ಎಂಟು ದಿನ, ಗಾರೆ ಎಂಟು ದಿನ, ನೆಲಕ್ಕೆಲ್ಲ ಸೇರಿ ಇನ್ನೊಂದೆಂಟು ದಿನ, ಯುಗಾದಿ ಹೋಳಿಗೆ ಹೊಸ ಅಡಿಗೆಮನೇಲೇ ನಾಗಣ್ಣ ಅಂದ. ನಗು ತಡ್ಕಳಾಕಾಗ್ಲಿಲ್ಲ, ನನ್ನ ಎಂಟು ದಿನಾನ ನಂಗೇ ಕೊಡ್ತಾನಲ್ಲ ನನ್ಮಗ. ಎಂಟು ದಿನ ಅನ್ನೋದು ದಿನಾನೇ ಅಲ್ಲ, ಅದು ಎದುರಿಗಿರೋರು ಮನೆಗೆ ಹೋಗ್ಲಿ ಅಂತ ಹೇಳೋ ಮಾತು, ಆರು ದಿನ ಅಂದ್ರೆ ಏಳನೇ ದಿನ ಬಂದು ನಿಲ್ತಾರೆ, ಹದಿನೈದು ಅಂದ್ರೆ ಜಗಳಕ್ಕೆ ಬರ್ತಾರೆ, ಎಂಟು ಅಂದ್ರೆ ಆಗ್ಲಪ್ಪ ಅಂತ ಹೊಲ್ಟು ಹೋಗ್ತಾರೆ. ಹೊಸದುರ್ಗದ ಮೂಡಲಗಿರಿಯಪ್ಪ ಮೇಷ್ಟ್ರು ಒಬ್ರು ನಂಬಿದ್ರು, ಪಾಪ, ಇನ್ನೆಂಟು ದಿನ ಅಂದಿದ್ದನ್ನ ನಿಜ ಅಂತ ತಿಳ್ಕಂಡು ಗೃಹಪ್ರವೇಶದ ಕಾರ್ಡು ಹಂಚಿಬಿಟ್ರು, ಕೆಂಪು ಗಾರೆ ನೆಲ ಹಿಂದಿನ ದಿನ ತಾನೇ ಎಳೆದಿದ್ದು, ಹಸಿ ಹಸಿ, ಅವರವ್ವ ಬಲಗಾಲಿಟ್ಟು ಒಳಗೆ ಬಂದ್ರು, ಹೆಜ್ಜೆ ಅಂಗೇ ಕುಂತ್ಬಿಡ್ತು, ಕಿತ್ತು ಮತ್ತೆ ಹಾಕ್ತೀನಿ ಅಂದ್ರೆ ಮೇಷ್ಟ್ರು ಬಿಡ್ಲಿಲ್ಲ, ಅವ್ವ ಹೋದ ಮೇಲೆ ಆ ಹೆಜ್ಜೆಗೆ ಹೂವಿಡ್ತಾರಂತೆ. ಡಾಕ್ಟ್ರ ಆರು ತಿಂಗಳೂ ಅಂಥಾದ್ದೇನಾ, ಎದುರಿಗಿರೋನು ಮನೆಗೆ ಹೋಗ್ಲಿ ಅಂತ ಹೇಳಿದ್ದಾ, ಆಗಿದ್ರೆ ಯಾವ ಕಡೆ ಸುಳ್ಳು, ಜಾಸ್ತಿ ಕಡೇನಾ ಕಮ್ಮಿ ಕಡೇನಾ, ಅವ್ರ ಜೊತೆ ಕಲ್ತೋರನ್ನ ಕೇಳಿದ್ರೆ ಗೊತ್ತಾಗುತ್ತೇನೋ.

ಇರ್ಲಿ, ಸುಳ್ಳು ಬಿಟ್ಟು ಒಂದ್ಸಲ ಎಣಿಸಾಣ, ಜನ್ಮದಲ್ಲಿ ಒಂದ್ಸಲ. ಹಳೇ ಗೋಡೆ ಕೆಡವೋಕೆ ಎರಡು ದಿನ, ಇದು ನಿಜ, ಕೆಡವೋದು ಯಾವತ್ತೂ ಲೇಟಾಗಲ್ಲ, ಮಣ್ಣು ಸಾಗಿಸೋ ಟ್ರ್ಯಾಕ್ಟರ್ ನಾಳೆ ಬರುತ್ತೆ ಅಂದ್ರೆ ಮೂರು, ಐದಾಯ್ತು, ಗೋಡೆ ಏಳೋಕೆ ನಾಲ್ಕು, ಒಂಬತ್ತು, ಪೈಪಿನ ರಾಜಕುಮಾರ್ ಭಾನುವಾರ ಬರ್ತೀನಿ ಅಂತಾನೆ, ಯಾವ ಭಾನುವಾರ ಅಂತ ಹೇಳಲ್ಲ, ಅವನಿಗೆ ಐದು ಹಾಕು, ಹದಿನಾಲ್ಕು, ಗಾರೆ ನಾಲ್ಕು, ಹದಿನೆಂಟು, ಆಮೇಲೆ ಗೋಡೆಗೆ ನೀರು ಹೊಡೀಬೇಕು, ಹೊತ್ತಾರೆ ಸಂಜೆ, ಎಂಟು ದಿನ — ನೋಡು, ಇದೊಂದೇ ನಿಜವಾದ ಎಂಟು ದಿನ, ಗೋಡೆ ಹತ್ರ ಸುಳ್ಳು ನಡೆಯಲ್ಲ, ಏಳಕ್ಕೆ ನಿಲ್ಸಿದ್ರೆ ಬಿರುಕು ಬಿಟ್ಟು ತೋರಿಸುತ್ತೆ, ಸಿಮೆಂಟು ಒಣಗಿ ಗಟ್ಟಿ ಆಗೋದಲ್ಲ, ನೀರು ಕುಡಿದು ಗಟ್ಟಿ ಆಗೋದು, ಇಷ್ಟು ವರ್ಷ ಆದ್ರೂ ನಂಗೆ ಅದು ಸೋಜಿಗವೇ. ಇಪ್ಪತ್ತಾರು. ಸರಿಯಾಗಿ ಯುಗಾದಿ, ಆಳುಗಳು ಊರಿಗೆ ಹೋದೋರು ಐದು ದಿನಕ್ಕೆ ಕಮ್ಮಿ ಬರಲ್ಲ, ಮೂವತ್ತೊಂದು. ನೆಲ — ಹ್ಞಾಂ, ನೆಲ ಅಂದಾಗ ಹೊಸ್ತಿಲು. ದುರುಗೇಶ ಅಳತೆ ಹಿಡೀತಿದ್ದಾಗ ಹುಲಿಗೆಮ್ಮ ಟೀ ತಂದುಕೊಟ್ಟು ನಿಂತ್ಲು, ನಿಂತೋಳು ದುರುಗೇಶಾ ಒಳಗಿನ ಹೊಸ್ತಿಲೆಲ್ಲ ಕಿತ್ತಾಕ್ರಿ ಅಂದ್ಲು. ಟೇಪು ಸರ್ರಂತ ಸುತ್ಕಂಡ ಸದ್ದಾಯ್ತು, ಅವನ ಕೈ ಜಾರಿರಬೇಕು. ಅತ್ಗೆಮ್ಮ, ಹೊಸ್ತಿಲನ್ನಾ ಅಂದ. ಮುಂಬಾಗಿಲಿಂದೂನೂ ನೆಲಸಮ ಮಾಡ್ರಿ, ಅರಿಶಿನ ಹಚ್ಚೋಕೆ ಒಂದು ಗೆರೆ ಕಂಡ್ರೆ ಸಾಕು ನಂಗೆ ಅಂದ್ಲು. ದಿನಾ ಬೆಳಗ್ಗೆ ಹೊಸ್ತಿಲು ತೊಳೆದು ಅರಿಶಿನ ಕುಂಕುಮ ಇಟ್ಟು ಹೂವಿಟ್ಟೇ ಒಲೆ ಹಚ್ಚೋಳು ಇವ್ಳು, ಮಗಳು ದೇವಿಕಾ ಚಿಕ್ಕೋಳಿದ್ದಾಗ ಹೊಸ್ತಿಲ ಮೇಲೆ ಕುಂತ್ರೆ ಬೆನ್ನಿಗೆ ಬಾರಿಸೋಳು, ಲಕ್ಷ್ಮಿ ತಲೆ ಮೇಲೆ ಕುಂತೀಯೇನೇ ಅಂತ, ಆ ಹುಡುಗಿ ಆದಿವಾಲಕ್ಕೆ ಸೊಸೆಯಾಗಿ ಹೋದ್ರೂ ಇವತ್ತಿಗೂ ಅಲ್ಲಿ ಹೊಸ್ತಿಲು ದಾಟುವಾಗ ಸೀರೆ ಎತ್ತಿ ಹಿಡೀತಾಳಂತೆ, ಅಂಥೋಳು ಕಿತ್ತಾಕ್ರಿ ಅಂತಾಳೆ. ನಾನೇ ಹೇಳಬೇಕು ಅಂತಿದ್ದೆ, ಮೂರು ತಿಂಗಳಿಂದ ನಾಲಿಗೆ ತುದೀಗೆ ಬಂದು ವಾಪಸ್ ಹೋಗ್ತಿತ್ತು, ಹೆಬ್ಬೆರಳು ಎರಡು ಸಲ ಒಡ್ಕಂಡಿದೀನಿ ಆ ಹೊಸ್ತಿಲಿಗೆ, ಆದ್ರೆ ಹೆಂಗೆ ಕೇಳೋದು, ಅವಳ ದೇವ್ರಲ್ವಾ ಅದು. ಮಂಡಿ ನೋವು ಇರಬೇಕು. ಮಂಡಿ ನೋವಿದ್ದೋಳು ನೆಲಕ್ಕೆ ಕುಂತು ರಾಗಿ ಕೇರ್ತಾಳಲ್ಲ ಮತ್ತೆ.

ಅದ್ಯಾಕೋ ಮನೇನೂ ಈಗ ಬ್ಯಾರೆ ಥರ ಐತೆ. ಮೊದ್ಲು ನಡುಮನೇಲಿ ಕಾಲಿಡೋ ಜಾಗ ಇರ್ತಿರಲಿಲ್ಲ, ಮೊರ ಒಂದು ಕಡೆ, ಬಿಂದಿಗೆ ಒಂದು ಕಡೆ, ಅವರೆಕಾಯಿ ರಾಶಿ ಒಂದು ಕಡೆ, ಈಗ ಮಂಚದಿಂದ ಹಿತ್ತಲ ಬಾಗಿಲವರೆಗೆ ಒಂದು ಚಪ್ಪಲಿ ಸೈತ ಅಡ್ಡ ಇಲ್ಲ, ಚೊಂಬು ಇಟ್ಟಲ್ಲೇ ಇರುತ್ತೆ, ಟವೆಲ್ಲು ಅದೇ ಮೊಳೆಗೇ, ಕೆಲಸ ಶುರುವಾಗುತ್ತೆ ಅಂತ ಮುಂಚೆನೇ ಎತ್ತಿಟ್ಟಳೇನೋ ಅಂದ್ಕಂಡೆ, ಕೆಲಸದ ಮಾತು ತೆಗೆದಿದ್ದು ಮೊನ್ನೆ, ನಡುಮನೆ ಖಾಲಿ ಆಗಿದ್ದು ಸಂಕ್ರಾಂತಿಗೇ. ಗೋಡೆ ಮೇಲೆ ಅರಿಶಿನ ಬ್ಯಾರೆ, ಸೊಂಟದ ಎತ್ತರಕ್ಕೆ, ನಾಲ್ಕು ಬೆರಳಿಂದು, ಒಂದೊಂದು ಮಾರಿಗೆ ಒಂದೊಂದು ಗುರುತು, ಮಂಚದ ಹತ್ರ ಶುರುವಾಗಿ ಹಿತ್ತಲ ಬಾಗಿಲ ತನಕ, ಹತ್ರ ಹೋಗಿ ಮೂಗು ತಾಗೋ ಹಂಗೆ ನೋಡಿದೆ, ಸುಣ್ಣ ಹೊಡೆದು ವರ್ಷ ಆಗಿಲ್ಲ ಗೋಡೆ ಕೆಡಿಸ್ತೀಯಲ್ಲೇ ಅಂದೆ, ಹೆಂಗೂ ಪೇಂಟ್ ಹೊಡೆಸ್ತೀರಲ್ಲ ಬಿಡ್ರಿ ಅಂದ್ಲು. ಹೊಸ್ತಿಲಿಗೆ ಹಚ್ಚಿದ ಕೈ ಗೋಡೆಗೆ ಯಾಕೆ ಹೋಯ್ತು ಅಂತ ಕೇಳಿದ್ರೆ, ಕೈ ಒಣಗ್ಲಿ ಅಂತ ಅಂದ್ಲು, ಇವ್ಳು ಇಂಥ ಉತ್ತರ ಕೊಡೋಳೇ ಅಲ್ಲ. ಹೋಗ್ಲಿ, ಎಲ್ಲಿದ್ದೆ, ಮೂವತ್ತೊಂದು, ನೆಲ ಮಟ್ಟ ಮಾಡೋಕೆ ಮೂರು, ಅದಕ್ಕೆ ನೀರು ಐದು ದಿನ, ಮೂವತ್ತೊಂಬತ್ತು, ಟೈಲ್ಸು ಐದು, ನುಣುಪಿಂದು ಬ್ಯಾಡ, ಕಾಲಿಗೆ ಗೊತ್ತಾಗೋ ಹಂಗೆ ಬಚ್ಚಲಿಗೆ ಒರಟು ಇರ್ಲಿ, ನಲವತ್ನಾಲ್ಕು, ಪೇಂಟು ನಾಲ್ಕು, ನಲವತ್ತೆಂಟು, ನಡುವೆ ದುರುಗೇಶ ಬ್ಯಾರೆ ಊರಿಗೆ ಹೋಗಿ ಫೋನ್ ಎತ್ತದೇ ಇರೋದು ಎಂಟು, ಇಬ್ರೂ ಜೊತೇಲೇ ಕಲಿತ ವಿದ್ಯೆ ಅದು, ಐವತ್ತಾರು. ಅರವತ್ತರಲ್ಲಿ ಐವತ್ತಾರು ಹೋದ್ರೆ ನಾಲ್ಕು. ಡಾಕ್ಟ್ರ ಮಾತು ನಿಜ ಆಗಿದ್ರೆ ಮುಗಿದ ಮನೇನ ನೋಡೋಕೆ ನಂಗೆ ನಾಲ್ಕು ದಿನ ಐತೆ, ಸಾಕಪ್ಪಾ, ನಾಲ್ಕು ದಿನ ಅಂದ್ರೆ ಏನ್ ಕಮ್ಮೀನಾ.

ಆದ್ರೆ ನೋಡಿದ್ರೆ ಸಾಕಾ. ಇದನ್ನ ಯಾವ ಲೆಕ್ಕದಲ್ಲೂ ಹಾಕೇ ಇಲ್ವಲ್ಲ ನಾನು, ಕಣ್ಣು ನೋಡಿದ್ದು ಕಾಲಿಗೆ ಇಳಿಯೋಕೆ ಎಷ್ಟು ದಿನ ಬೇಕು, ಗೋಡೆಗಾದ್ರೆ ಎಂಟು ದಿನದ ನೀರು, ಕಾಲಿಗೆ ಏನು ಹೊಯ್ಯೋದು, ಯಾವ ಮೇಸ್ತ್ರಿ ಹೇಳ್ತಾನೆ ಇದನ್ನ, ಆ ಕತ್ತಲೆ ಹೆಂಗಿರುತ್ತೋ ಅದೂ ಗೊತ್ತಿಲ್ಲ, ಕಪ್ಪಗಿರುತ್ತಾ, ಬೆಳಗಿನ ಮಂಜಿನಂಗೆ ಬೆಳ್ಳಗಿರುತ್ತಾ, ಒಳಗೆ ನಿಂತು ನೋಡಿದ್ರೇನೇ ತಿಳಿಯೋದು, ಅಲ್ಲೀವರೆಗೆ ಅಂದಾಜು. ಕಲೀಬೇಕು ಅಂದ್ರೆ ಹೆಂಗೆ ಕಲೀಬೇಕು, ಮಂಚದಿಂದ ಶುರು ಮಾಡ್ಬೇಕು, ಅಲ್ವಾ, ದಾರೀಲಿ ಏನೂ ಅಡ್ಡ ಇರಬಾರ್ದು, ಚೊಂಬು ಚೊಂಬಿನ ಜಾಗದಲ್ಲೇ ಇರ್ಬೇಕು, ಕೈ ಗೋಡೆ ಮೇಲೆ, ಸೊಂಟದ ಎತ್ತರಕ್ಕೆ, ಮಾರಿಗೊಂದ್ಸಲ ಬೆರಳು ಊರಿ, ಹೆಜ್ಜೆ ಎಣಿಸ್ಬೇಕು, ಒಂದು ಎರಡು ಮೂರು ಅಂತ ತುಟೀಲಿ, ಎಲ್ಲಿ ಎಡವುತ್ತೆ ಅಂತ ಗುರುತು ಹಿಡೀಬೇಕು, ಹಿಡಿದು ಅದನ್ನ ಕಿತ್ತಾಕ್ರಿ ಅಂತ ಹೇಳ್ಬೇಕು, ಇಷ್ಟೂ ಮಾಡ್ಬೇಕಾದ್ರೆ ಕಣ್ಣು — ಕಣ್ಣು —

ಸಂಕ್ರಾಂತಿಯಿಂದಲೇ. ಅಯ್ಯೋ ನನ್ನ ಹುಲಿಗೀ, ಸಂಕ್ರಾಂತಿಯಿಂದಲೇ ಗೊತ್ತೇನೇ ನಿಂಗೆ. ದುರುಗೇಶನ ಬೈಕು ಬೀದಿ ದಾಟಿದ ಸದ್ದು ನಿಲ್ತು, ಒಳಗೆ ಬಳೆ ಸದ್ದು, ತಿರುಗಲೋ ಬ್ಯಾಡ್ವೋ, ತಿರುಗಿದೆ, ಮೊದ್ಲು ಕಾಲು ಕಾಣ್ತು, ನಡುಮನೆ ಹೊಸ್ತಿಲ ಈಚೆ, ಬಲಗಾಲು, ಕಾಲುಂಗುರದ ಬೆರಳು ನೆಲದಿಂದ ಒಂದಿಂಚು ಎದ್ದು ಮುಂದೆ ಮುಂದೆ ತಡಕ್ತಾ ಐತೆ, ಎಲ್ಲೈತೆ ಹೊಸ್ತಿಲು ಎಲ್ಲೈತೆ ಅಂತ, ಕತ್ತು ಒಂದಿಷ್ಟು ಎತ್ತಿದೆ, ಕೈ ಕಾಣ್ತು, ಅರಿಶಿನದ ಬೆರಳು ಗೋಡೆ ಮೇಲೆ, ಹನ್ನೆರಡು ಅಂದ್ಲು, ಹದಿಮೂರು ಅಂದ್ಲು, ಕೂಗಬಾರ್ದು ಈಗ, ಲೆಕ್ಕ ತಪ್ಪುತ್ತೆ, ಇನ್ನೊಂದಿಷ್ಟು ಕತ್ತೆತ್ತಿ ಮುಖ ನೋಡಿದೆ, ಕಣ್ಣು ಮುಚ್ಚಿದ್ಲು.