ನೀವು ಯಾರೊಂದಿಗೆ ಪ್ರಯಾಣಿಸಿದಿರಿ

ಫ್ರಿಜ್ಜು ಒಮ್ಮೆ ಮೈಕೊಡವಿ ಸುಮ್ಮನಾಯಿತು, ಹಿಂದಿನ ಎಡಗಾಲಿನ ರಬ್ಬರು ಸವೆದಿದೆ, ಅದಕ್ಕೇ ನಿಲ್ಲುವಾಗ ಹೀಗೆ ನಡುಗುವುದು, ಇವತ್ತಾದರೂ ಒಂದು ರಟ್ಟು ಮಡಚಿ ಕೆಳಗಿಡಬೇಕು ಎಂದುಕೊಂಡು ಅವನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿದರೆ ಐದು ನಕ್ಷತ್ರಗಳು ಹಾಗೆಯೇ ಕಾದಿವೆ, ಬಣ್ಣವಿಲ್ಲದೆ, ಟೊಳ್ಳಾಗಿ — ನಿಮ್ಮ ಹಡಗಿನ ಪ್ರವಾಸ ಹೇಗಿತ್ತು, ದಯವಿಟ್ಟು ಐದು ನಿಮಿಷ ಬಿಡುವು ಮಾಡಿಕೊಂಡು ತಿಳಿಸಿ — ಐದು ನಿಮಿಷವಂತೆ, ಅವನು ಕೂತು ಮುಕ್ಕಾಲು ಗಂಟೆಯಾಯಿತು, ಕಿಟಕಿಯ ಬಿಸಿಲು ಮೇಜಿನ ಈ ಮೂಲೆಯಿಂದ ಆ ಮೂಲೆಗೆ ಹೋಗಿದೆ, ಒಳಗಿನ ಕೋಣೆಯಲ್ಲಿ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಾಳೆ, ಒಂದೊಂದನ್ನೂ ಪಟಪಟನೆ ಒದರುವ ಸದ್ದು ಕೇಳುತ್ತಿದೆ, ಭಾನುವಾರ, ನೆಲಕ್ಕಿಳಿದು ಹನ್ನೊಂದು ದಿನ, ಆದರೂ ಕೂತಲ್ಲೇ ಕುರ್ಚಿ ಮೆಲ್ಲಗೆ ಎಡಕ್ಕೆ ವಾಲಿ ಮತ್ತೆ ಸರಿಯಾದಂತೆ ಭಾಸವಾಗುತ್ತದೆ, ದಣಿವು, ಮೂಳೆಯೊಳಗೆ ಇಳಿದ ದಣಿವು, ವಿಶ್ರಾಂತಿಗೆ ಹೋದವನು ಹೋಗುವಾಗ ಇದ್ದುದಕ್ಕಿಂತ ಸುಸ್ತಾಗಿ ಬಂದಿದ್ದಾನೆ ಎಂದು ಯಾವ ಕಾಲಮ್ಮಿನಲ್ಲಿ ಬರೆಯುವುದು, ಅಂಥ ಕಾಲಮ್ಮು ಇಲ್ಲ, ಊಟ ಇದೆ, ಕೋಣೆ ಇದೆ, ಸಿಬ್ಬಂದಿಯ ನಡವಳಿಕೆ ಇದೆ. ಲಿಫ್ಟು ಕಂಪನಿಯವರು ಮೂವತ್ತು ವರ್ಷ ದುಡಿದಿದ್ದಕ್ಕೆ ಗಡಿಯಾರವೋ ಶಾಲೋ ಕೊಟ್ಟಿದ್ದರೆ ತೆಪ್ಪಗೆ ಮನೆಗೆ ತರಬಹುದಿತ್ತು, ಆದರೆ ಮ್ಯಾನೇಜರು ಎಲ್ಲರ ಮುಂದೆ ಲಕೋಟೆ ಕೈಗಿಟ್ಟು, ಇಬ್ಬರಿಗೂ ಒಂದು ವಾರ ದೊಡ್ಡ ಹಡಗು, ಸ್ಪ್ಯಾನರ್ ಮುಟ್ಟಿದ್ರೆ ನೋಡಿ ಕಿವಿ ಅಂದರು, ಎಲ್ಲರೂ ಚಪ್ಪಾಳೆ ತಟ್ಟಿದರು — ಕಿವಿ ಎಂದರೆ ಅವನೇ, ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ರೋಗ ಹೇಳುತ್ತಾನೆಂದು ಕೆಲಸದಲ್ಲಿ ಬಿದ್ದ ಹೆಸರು, ಈಗ ನಿಜವಾದ ಹೆಸರಿನಿಂದ ಕರೆದರೆ ಅವನೇ ಒಂದು ಕ್ಷಣ ತಡೆದು ತಿರುಗುತ್ತಾನೆ.

ಕೋಣೆ ಹೇಗಿತ್ತು, ಕೋಣೆ ಚೆನ್ನಾಗಿತ್ತು, ಕಿಟಕಿ ಇರಲಿಲ್ಲ ಅಷ್ಟೆ, ಹಡಗಿನ ಹೊಟ್ಟೆಯೊಳಗಿನ ಕೋಣೆ, ಬಾಗಿಲು ಹಾಕಿದರೆ ಹಗಲೋ ಇರುಳೋ ತಿಳಿಯದು, ಅವನಿಗೆ ಹಿಡಿಸಿತು, ಮೋಟಾರು ಕೋಣೆಗಳಲ್ಲೇ ಆಯುಷ್ಯ ಕಳೆದವನಿಗೆ ನಾಲ್ಕು ಗೋಡೆಯೇ ಸಲೀಸು, ಅವಳು ಮಾತ್ರ ಹಾಸಿಗೆಯ ಅಂಚಿನಲ್ಲಿ ಕೂತು ಎದುರಿನ ಗೋಡೆಯನ್ನು ನೋಡಿ, ಸಮುದ್ರ ಯಾವ ಕಡೆ ಇದೆ ಅಂದಳು, ಅವನು ಎರಡೂ ಕಡೆ ಅಂದ, ಅದು ತಮಾಷೆಯೆಂದು ಅವನ ಎಣಿಕೆ, ಅವಳು ಚಪ್ಪಲಿ ಮೆಟ್ಟಿಕೊಂಡು ಮೇಲಕ್ಕೆ ಹೋದಳು. ಊಟ, ಊಟಕ್ಕೆ ನಾಲ್ಕು ಕೊಡಬಹುದು, ತಟ್ಟೆ ಹಿಡಿದು ಸಾಲು ನಿಂತದ್ದೇ ಹೆಚ್ಚು, ಮೇಲಿನ ಅಂತಸ್ತಿನಲ್ಲಿ ಒರಗುಕುರ್ಚಿಗಳಿಗೂ ಹಾಗೆಯೇ, ಬೆಳಗ್ಗೆ ಆರಕ್ಕೇ ಜನ ಟವೆಲ್ ಹಾಸಿ ಜಾಗ ಹಿಡಿದು ತಿಂಡಿಗೆ ಹೋಗುತ್ತಿದ್ದರು, ಆಕಾಶ ನೋಡೋಕೆ ನೂಕುನುಗ್ಗಲು ಅಂತ ಗಾದೆಗೆ ಹೇಳ್ತಿದ್ವಿ, ಇಲ್ಲಿ ನಿಜವಾಗ್ಲೂ ಇದೆ ನೋಡಿ ಅಂದಳು ಅವಳು, ಮೊದಲ ದಿನ, ಕಂಬಿ ಹಿಡಿದು ನಿಂತು, ಗಾಳಿಗೆ ಕೂದಲೆಲ್ಲ ಮುಖದ ಮೇಲೆ, ಬನ್ನಿ ಇಲ್ಲಿ, ನೀರಿನ ಬಣ್ಣ ಬದಲಾಗ್ತಿದೆ, ಬಂದೆ ಎರಡು ನಿಮಿಷ ಎಂದ ಅವನು, ಏಕೆಂದರೆ ಅಷ್ಟು ಹೊತ್ತಿಗೆ ಅವನ ಕಿವಿಗೆ ಅದು ಬಿದ್ದಾಗಿತ್ತು, ಮೂರನೆಯ ಲಿಫ್ಟು, ಏರುವಾಗ ಪ್ರತಿ ಅಂತಸ್ತಿನಲ್ಲೂ ಟಿಕ್ ಎಂದು ಒಂದು ಸಣ್ಣ ಸದ್ದು, ಹಲ್ಲಿಗೆ ಸಿಕ್ಕಿದ ನಾರಿನಂತೆ, ಬೇರೆ ಯಾರಿಗೂ ಕೇಳದು, ಅವನಿಗೆ ಬೇರೇನೂ ಕೇಳದು. ಹದಿನಾರು ಅಂತಸ್ತು, ಹದಿನಾಲ್ಕು ಲಿಫ್ಟು, ಹತ್ತಿದ ಅರ್ಧ ಗಂಟೆಯಲ್ಲೇ ಎಣಿಸಿಬಿಟ್ಟಿದ್ದ, ಸಮುದ್ರ ಹೇಗಿತ್ತು ಎಂದು ಮೊನ್ನೆ ಕೆಲಸದಲ್ಲಿ ಯಾರೋ ಕೇಳಿದರೆ ಬಾಯಿಗೆ ಬಂದದ್ದು ಚೆನ್ನಾಗಿತ್ತು, ಮನಸ್ಸಿಗೆ ಬಂದದ್ದು ಮೂರನೆಯ ಲಿಫ್ಟು.

ಸ್ವಾಗತದ ಮೇಜಿನ ಹುಡುಗಿಗೆ ಹೇಳಿದ, ಅವಳು ಮುಗುಳ್ನಕ್ಕಳು, ಅವನು ಬಿಡಲಿಲ್ಲ, ಕೊನೆಗೆ ಹಡಗಿನ ಮೆಕ್ಯಾನಿಕ್ಕನೇ ಬಂದ, ಕುಳ್ಳಗೆ, ಬಿಳಿ ಮೀಸೆ, ಮೊಣಕಾಲಿನ ಮೇಲೆ ಗ್ರೀಸಿನ ಕಲೆ, ಆ ಕಲೆ ಕಂಡದ್ದೇ ಅವನಿಗೆ ಒಡಹುಟ್ಟಿದವನನ್ನು ಕಂಡಂತಾಯಿತು, ಇಬ್ಬರೂ ಬಾಗಿಲಿಗೆ ಕಿವಿಯಿಟ್ಟರು, ಹೌದಲ್ಲ ಅಂದ ಮೆಕ್ಯಾನಿಕ್, ಎರಡು ವರ್ಷದಿಂದ ಇದರ ಜೊತೆ ಇದ್ದೀನಿ, ನಂಗೆ ಕೇಳಿರ್ಲಿಲ್ಲ, ಬರ್ತೀರಾ ಕೆಳಗೆ, ಯಾರಿಗೂ ಹೇಳ್ಬೇಡಿ — ಹೋದ, ಹುಟ್ಟುಗುಣ ಸುಟ್ಟರೂ ಹೋಗದು, ಮರುದಿನವೂ ಹೋದ, ಅದರ ಮರುದಿನವೂ, ಹಡಗು ಹೊರಳಿದಾಗ ಉದ್ದುದ್ದ ಉಕ್ಕಿನ ಹಗ್ಗಗಳು ಗೋಡೆಗೆ ಬಡಿಯದಂತೆ ತಡೆಯುವ ತೋಳುಗಳಿವೆ ಅಲ್ಲಿ, ಲಿಫ್ಟು ಓಡಾಡುವ ಇಡೀ ಬಾವಿಯೇ ವಾಲಿದರೂ ಒಳಗಿನ ಪೆಟ್ಟಿಗೆ ಅಲ್ಲಾಡುವುದಿಲ್ಲ, ಎಂಥ ಕೆಲಸ, ಆಹಾ, ನೆಲದ ಲಿಫ್ಟಿನವರು ಇದನ್ನು ಕನಸಿನಲ್ಲೂ ಕಾಣರು, ಅದನ್ನೆಲ್ಲ ಅವಳಿಗೆ ಹೇಳಬೇಕೆಂದು ಕೋಣೆಗೆ ಬಂದರೆ ಅವಳು ಇರಲಿಲ್ಲ, ತಲೆದಿಂಬಿನ ಮೇಲೆ ಚೀಟಿ, ಊಟಕ್ಕೆ ಕಾದೆ, ಹೋಗ್ತೀನಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಇಲ್ಲಿ ಕೋಣ ಯಾರು ಎಂದು ಯಾರಾದರೂ ಕೇಳಿದರೆ, ನೀರಿನ ಮೇಲೆ ಕೂತು ನೀರು ನೋಡದೆ ಬಾವಿಯೊಳಗೆ ಇಳಿದವನು ತಾನೇ. ಆದರೆ ಇದು ಹೊಸದೇನೂ ಅಲ್ಲ, ಮದುವೆಯಾದ ಮೂರನೆಯ ದಿನ ಕೈಯಲ್ಲಿ ತುತ್ತು ಇರುವಾಗ ಫೋನು ಬಂದಿತ್ತು, ಯಾರೋ ಸಿಕ್ಕಿಹಾಕಿಕೊಂಡಿದ್ದಾರೆ, ಎರಡು ನಿಮಿಷ ಎಂದು ಕೈತೊಳೆದು ಎದ್ದವನು ಬಂದಾಗ ಅನ್ನ ಕಲ್ಲಾಗಿತ್ತು, ಸಿಕ್ಕಿಹಾಕಿಕೊಂಡವರನ್ನು ಬಿಡಿಸುವ ಕೆಲಸ, ಬರುವುದಿಲ್ಲ ಅನ್ನಲಾಗುತ್ತದೆಯೇ, ಅವಳಿಗೂ ಗೊತ್ತು, ಒಮ್ಮೆ ಅವಳ ಕನ್ನಡಕದಂಗಡಿ ಇರುವ ಕಟ್ಟಡದಲ್ಲೇ ಲಿಫ್ಟು ನಿಂತು ಒಬ್ಬಳು ಬಸುರಿ ಒಳಗೆ ಸಿಕ್ಕಿದ್ದಳು, ಅವನು ಮುಚ್ಚಿದ ಬಾಗಿಲಿಗೆ ಬಾಯಿಟ್ಟು ಮಾತಾಡುತ್ತಲೇ ಇದ್ದ, ಹೆದರಬೇಡಿಮ್ಮ, ನಾನಿದ್ದೀನಿ, ಇಲ್ಲೇ ಇದ್ದೀನಿ, ಎಲ್ಲೂ ಹೋಗಲ್ಲ, ನಿಮ್ಮೂರು ಯಾವುದು, ಮಗೂಗೆ ಏನು ಹೆಸರಿಡ್ತೀರಿ — ಇಪ್ಪತ್ತು ನಿಮಿಷ, ಹಿಂದೆ ಗುಂಪಿನಲ್ಲಿ ನಿಂತಿದ್ದ ಅವಳು ಸಂಜೆ ಮನೆಯಲ್ಲಿ ಪಾತ್ರೆ ಒರೆಸುತ್ತ, ನನ್ನ ಹತ್ರ ಯಾವತ್ತೂ ಹಾಗೆ ಮಾತಾಡಿಲ್ಲ ನೀವು, ನಾನೂ ಒಂದ್ಸಲ ಸಿಕ್ಕಿಹಾಕ್ಕೋಬೇಕೇನೋ ಅಂದಳು, ಆಗ ಅವನು ನಕ್ಕಿದ್ದ, ಅವಳೂ ನಕ್ಕಿರಬೇಕು, ಅಂಗೈ ಬಾಯಿಗೆ ಅಡ್ಡ ಹಿಡಿದು, ಅವಳು ಯಾವಾಗಲೂ ಹಾಗೆಯೇ, ಮೇಲಿನ ಸಾಲಿನಲ್ಲಿ ಒಂದು ಹಲ್ಲು ಹೋಗಿದೆ, ನಗು ಬಂದರೆ ಮೊದಲು ಏಳುವುದು ಕೈ.

ಹೋಗಲಿ, ಮುಂದಿನ ಪ್ರಶ್ನೆ, ಪ್ರವಾಸದಲ್ಲಿ ನಿಮಗೆ ಮರೆಯಲಾಗದ ಕ್ಷಣ ಯಾವುದು — ಕೆಳಗೆ ಉದ್ದದ ಖಾಲಿ ಚೌಕ, ಒಂದು ಗೆರೆ ಮಿಣಕ್ ಮಿಣಕ್ ಎನ್ನುತ್ತದೆ — ಐದನೆಯ ದಿನ, ನಾಲ್ಕು ಗಂಟೆಯ ಹೊತ್ತು, ಬೇಡ, ಅದನ್ನು ಬರೆಯುವುದು ಬೇಡ, ಆದರೆ ಮನಸ್ಸು ಕೇಳಬೇಕಲ್ಲ, ನಡುಹಡಗಿನ ದೊಡ್ಡ ಅಂಗಳದಲ್ಲಿ ಗಾಜಿನ ಲಿಫ್ಟು, ಅದರ ಗಾಲಿಯ ಸದ್ದನ್ನು ಸರಿಮಾಡಿ ಅವನೂ ಮೆಕ್ಯಾನಿಕ್ಕನೂ ಪರೀಕ್ಷೆಗೆಂದು ಹದಿನಾಲ್ಕರಿಂದ ಇಳಿಸುತ್ತಿದ್ದಾರೆ, ಎಲ್ಲೂ ನಿಲ್ಲದಂತೆ, ಹದಿಮೂರು, ಹನ್ನೊಂದು, ಒಂಬತ್ತು, ಒಂದೊಂದೇ ಅಂತಸ್ತು ಚಿತ್ರದಂತೆ ಕೆಳಗಿನಿಂದ ಬಂದು ಮೇಲಕ್ಕೆ ಹೋಗುತ್ತಿದೆ, ಎಂಟನೆಯದರಲ್ಲಿ ಒಂದು ದುಂಡು ಮೇಜು, ಸುತ್ತ ಐದಾರು ಜನ, ನೇರಳೆ ಶಾಲು ಹೊದ್ದ ಒಬ್ಬರು, ನಿವೃತ್ತ ಟೀಚರಮ್ಮ ಎಂದು ಆಮೇಲೆ ತಿಳಿಯಿತು, ಒಬ್ಬ ಬೋಳುತಲೆಯ ಕ್ಷೌರಿಕ, ತಿಂಡಿಯ ಸಾಲಿನಲ್ಲಿ ತನ್ನ ಕಸುಬು ಹೇಳಿಕೊಂಡಿದ್ದವನು, ಮತ್ತು ಎಲ್ಲರ ನಡುವೆ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಎರಡೂ ಕೈ ಬೀಸಿ ಬೀಸಿ ಏನೋ ಕಥೆ ಹೇಳುತ್ತಿರುವ ಒಬ್ಬ ಹೆಂಗಸು, ಅವಳೇ, ಅವನ ಹೆಂಡತಿ, ಅದು ತಿಳಿಯಲು ಅವನಿಗೆ ಅರೆಗಳಿಗೆ ಬೇಕಾಯಿತು, ದಿನವಿಡೀ ಅಂಗಡಿಯಲ್ಲಿ ಇದು ಸ್ಪಷ್ಟವಾ, ಇದು ಸ್ಪಷ್ಟವಾ ಎಂದು ಕೇಳಿ ಕೇಳಿ ಮನೆಗೆ ಬಂದರೆ ತುಟಿ ಬಿಚ್ಚದವಳು, ಕಥೆ ಹೇಳುತ್ತಿದ್ದಾಳೆ, ಕ್ಷೌರಿಕ ಮೇಜು ಕುಟ್ಟುತ್ತಿದ್ದಾನೆ, ಟೀಚರಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಕಥೆ ಮುಗಿದಿರಬೇಕು, ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು, ಬಾಯಿ ತೆರೆದು, ಹಲ್ಲಿಲ್ಲದ ಜಾಗ ಕಪ್ಪಗೆ ಕಾಣುವಂತೆ, ಕೈಗಳೆರಡೂ ಮಡಿಲಲ್ಲಿ, ಅಷ್ಟರಲ್ಲಿ ಪೆಟ್ಟಿಗೆ ಇಳಿಯಿತು, ಅಂತಸ್ತಿನ ಅಂಚು ಮೇಲೇರಿತು. ಸದ್ದು ಹೋಯ್ತಲ್ಲ ಅಂದ ಮೆಕ್ಯಾನಿಕ್, ಹೋಗಿತ್ತು, ಪೂರ್ತಿ ಹೋಗಿತ್ತು, ಇಲ್ಲ ಇನ್ನೂ ಸ್ವಲ್ಪ ಇದೆ, ಇನ್ನೊಂದು ಸಲ ನೋಡೋಣ ಅಂದ ಅವನು, ಮೂವತ್ತು ವರ್ಷದಲ್ಲಿ ಕೆಲಸದ ವಿಷಯದಲ್ಲಿ ಹೇಳಿದ ಮೊದಲ ಸುಳ್ಳು, ಮತ್ತೆ ಹತ್ತಿದರು, ಮತ್ತೆ ಇಳಿದರು, ಮೂರು ಸಲ, ಮೂರು ಸಲವೂ ಎಂಟನೆಯ ಗುಂಡಿ ಅವನ ಬೆರಳಿನ ಪಕ್ಕದಲ್ಲೇ ಇತ್ತು, ಒತ್ತಲಿಲ್ಲ, ಅಂಗಿಗೆ ಗ್ರೀಸು ಮೆತ್ತಿತ್ತು, ಅಷ್ಟು ಜನರ ನಡುವೆ ಆ ಅಂಗಿಯಲ್ಲಿ ಹೋಗುವುದು ಹೇಗೆ, ಎಂದು ಆಗ ಹೇಳಿಕೊಂಡ, ಈಗಲೂ ಹೇಳಿಕೊಳ್ಳುತ್ತಾನೆ.

ಇಳಿಯುವ ದಿನ ಸೂಟ್‌ಕೇಸುಗಳ ರಾಶಿಯ ನಡುವೆ ಟೀಚರಮ್ಮ ಅವಳನ್ನು ತಬ್ಬಿಕೊಂಡು, ಆಮೇಲೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇವರು ಯಾರು ಅಂದರು, ನಮ್ಮನೆಯವರು ಅಂದಳು ಅವಳು, ಅಯ್ಯೋ ನೀವೊಬ್ರೇ ಬಂದಿದ್ದೀರಾ ಅಂದ್ಕೊಂಡಿದ್ದೆನಲ್ಲಮ್ಮಾ ಅಂದರು ಟೀಚರಮ್ಮ, ನಕ್ಕರು, ಮುದುಕರ ಮರೆವು, ಅವನೂ ನಕ್ಕು ಮರೆತಿದ್ದ, ಮರೆತಿದ್ದೇನೆ ಅಂದುಕೊಂಡಿದ್ದ, ಇವತ್ತು ಬೆಳಗ್ಗೆ ಕಂಪ್ಯೂಟರು ತೆರೆಯುವತನಕ — ನಂದು ನಿನ್ನೆನೇ ತುಂಬಿದೆ, ನಿಮ್ಮದು ನೀವು ತುಂಬಿ ಎಂದಿದ್ದಳು, ತೆರೆದರೆ ಅವಳ ಉತ್ತರಗಳ ಪುಟವೇ ಮುಚ್ಚದೆ ಉಳಿದಿತ್ತು, ಕದ್ದು ಓದಬೇಕೆಂದೇನೂ ಓದಲಿಲ್ಲ, ಊಟಕ್ಕೆ ನಾಲ್ಕು, ಕೋಣೆಗೆ ಎರಡು, ಸಿಬ್ಬಂದಿಗೆ ಐದು, ಇನ್ನೊಮ್ಮೆ ಬರುವಿರಾ, ಹೌದು, ನೀವು ಯಾರೊಂದಿಗೆ ಪ್ರಯಾಣಿಸಿದಿರಿ, ಸಂಗಾತಿ, ಕುಟುಂಬ, ಗೆಳೆಯರು, ಒಬ್ಬರೇ — ಗುರುತು ಕೊನೆಯದರ ಮುಂದೆ ಇತ್ತು. ಬೆರಳು ಜಾರಿರಬೇಕು, ಅವಳ ಬೆರಳು ಜಾರುವಂಥದಲ್ಲ, ಕೂದಲೆಳೆಯಷ್ಟು ಸ್ಕ್ರೂಗಳನ್ನು ಕನ್ನಡಕಕ್ಕೆ ಕೂರಿಸುವ ಬೆರಳು, ಹಾಗಾದರೆ ಸಿಟ್ಟು, ಸಿಟ್ಟಿನವಳು ಸಿಬ್ಬಂದಿಗೆ ಐದು ಕೊಡುತ್ತಾಳೆಯೇ, ಕೇಳಬೇಕು, ಕೇಳಿದರೆ ಏನು ಹೇಳುತ್ತಾಳೋ, ಮುಕ್ಕಾಲು ಗಂಟೆಯಿಂದ ಇದೇ, ಏರುವುದು ಇಳಿಯುವುದು, ಯಾವ ಅಂತಸ್ತಿನಲ್ಲೂ ಬಾಗಿಲು ತೆರೆಯದು.

ಅವಳೇ ಬಂದಳು, ಎದೆಯೆತ್ತರ ಬಟ್ಟೆಯ ಅಟ್ಟಿ ಹೊತ್ತು, ಆಯ್ತಾ ನಿಮ್ಮದು ಅಂದಳು, ಇಲ್ಲ, ಒಂದು ಪ್ರಶ್ನೆಗೆ ಸಿಕ್ಕಿಕೊಂಡಿದ್ದೀನಿ ಅಂದ, ಯಾವುದು, ಯಾರ ಜೊತೆ ಹೋಗಿದ್ರಿ ಅನ್ನೋದು. ಅವಳು ಅಟ್ಟಿಯನ್ನು ಸೋಫಾದ ಮೇಲಿಟ್ಟಳು, ಒಂದು ದಿಂಬಿನ ಚೀಲ ತೆಗೆದು ಮೂಲೆಗೆ ಮೂಲೆ ಸೇರಿಸಿದಳು, ನಂದು ನೋಡಿದ್ರಾ ಅಂದಳು, ತೆರೆದೇ ಇತ್ತು ಅಂದ, ಹ್ಞೂಂ, ಇದ್ದದ್ದನ್ನ ಹಾಕಿದೆ, ಜಗಳಕ್ಕೆ ಅಂತಲ್ಲ, ಜಗಳ ಆಡೋಕೂ ಸಾಕಾಗಿದೆ ನಂಗೆ, ಏಳು ದಿನದಲ್ಲಿ ಎರಡು ಊಟ ನನ್ನ ಜೊತೆ ಮಾಡಿದ್ರಿ, ಅದರಲ್ಲೂ ಒಂದ್ಸಲ ತಟ್ಟೆ ಬಿಟ್ಟು ಎದ್ರಿ, ಮತ್ತೇನಂತ ಹಾಕ್ಲಿ — ದನಿಯಲ್ಲಿ ಏರಿಳಿತವೇ ಇಲ್ಲ, ಅಂಗಡಿಯಲ್ಲಿ ಗಿರಾಕಿಗೆ ಅಕ್ಷರ ತೋರಿಸುವ ದನಿ — ಮುಂದಿನ ವರ್ಷ ಟೀಚರಮ್ಮ ಮತ್ತೆ ಹೋಗ್ತಾರಂತೆ, ಕರೆದಿದ್ದಾರೆ, ಹೋಗ್ತೀನಿ ಅಂದಿದ್ದೀನಿ. ಹೋಗು, ಎಂದ ಅವನು, ಹೋಗಿ ಬಾ ಎನ್ನಬೇಕಿತ್ತು, ಬರೀ ಹೋಗು ಎಂದ, ಅದನ್ನು ತಿದ್ದಲು ಹೊರಟು ಬಾಯಿಂದ ಬೇರೆಯೇ ಬಂತು, ಅವತ್ತು ಎಂಟನೇ ಅಂತಸ್ತಲ್ಲಿ ಏನು ಕಥೆ ಹೇಳ್ತಿದ್ದೆ, ಆ ಕ್ಷೌರಿಕ ಮೇಜು ಕುಟ್ಟಿ ಕುಟ್ಟಿ ನಗ್ತಿದ್ದ. ಅವಳ ಕೈ ನಿಂತಿತು, ನೀವೆಲ್ಲಿ ನೋಡಿದ್ರಿ, ಗಾಜಿನ ಲಿಫ್ಟಲ್ಲಿದ್ದೆ, ಮೂರು ಸಲ ನೋಡಿದೆ ಅಂದ, ಮೂರು ಸಲ ನೋಡಿದ್ರಾ, ನೋಡಿ ಇಳಿದು ಬರ್ಲಿಲ್ವಾ ಅಂದಳು. ಅಂಗಿ ಗ್ರೀಸಾಗಿತ್ತು ಎಂಬುದು ನಾಲಗೆಯ ತುದಿಗೆ ಬಂತು, ಅಲ್ಲೇ ಸತ್ತಿತು, ಹೇಳಿಕೊಂಡು ಹೇಳಿಕೊಂಡು ಅದು ಅವನಿಗೇ ಸವೆದು ಹೋಗಿತ್ತು, ನಾನು ಬಂದಿದ್ರೆ ನೀನು ಕೈ ಅಡ್ಡ ಹಿಡಿತಿದ್ದೆ, ಎಂದ, ನಗೋದು ನಿಲ್ಲಿಸ್ತಿದ್ದೆ. ಅವಳು ಮಡಚಿದ ದಿಂಬಿನ ಚೀಲವನ್ನು ಬಿಚ್ಚಿದಳು, ಮತ್ತೆ ಮಡಚಿದಳು, ಹೌದೇನೋ, ನಿಲ್ಲಿಸ್ತಿದ್ದೆ ಅನ್ಸುತ್ತೆ ಅಂದಳು, ಆಮೇಲೆ ಅಟ್ಟಿಯನ್ನು ಎತ್ತಿಕೊಳ್ಳುತ್ತ, ಆದ್ರೂ ಬರಬೇಕಿತ್ತು ನೀವು, ಎಂದು ಕಪಾಟಿನ ಕಡೆ ಹೋದಳು.

ಪರದೆಯ ಮೇಲೆ ನಾಲ್ಕು ದುಂಡು ಗುರುತುಗಳು, ಸಂಗಾತಿ, ಕುಟುಂಬ, ಗೆಳೆಯರು, ಒಬ್ಬರೇ, ಬಾಣ ಮೊದಲನೆಯದರ ಮೇಲೆ ಹೋಗಿ ನಿಂತಿತು, ಒತ್ತಿದರೆ ಸುಳ್ಳು, ಕೆಳಗಿನದರ ಮೇಲೆ ಹೋಗಿ ನಿಂತಿತು, ಒತ್ತಿದರೆ ನಿಜ, ಕೈ ಮೇಜಿನ ಮೇಲೆ ಭಾರವಾಗಿ ಬಿದ್ದಿದೆ, ಕಪಾಟಿನ ಬಾಗಿಲು ಕಿರ್ ಎಂದಿತು, ಕೀಲಿಗೆ ಎಣ್ಣೆ ಬೇಕು, ಎದ್ದು ಹೋಗಿ ಅವಳನ್ನು ಮತ್ತೆ ಕೇಳಬಹುದು, ಆ ಕಥೆ ಏನೆಂದು ಅವಳು ಹೇಳಲೇ ಇಲ್ಲ, ಹೇಳಿದರೂ ಈಗ ಹೇಳುವುದು ಆ ಕಥೆಯಾಗಿರುವುದಿಲ್ಲ, ಕಣ್ಣ ಮುಂದೆ ಮತ್ತೆ ಆ ಗಾಜಿನ ಲಿಫ್ಟು ಇಳಿಯುತ್ತಿದೆ, ಅಂತಸ್ತಿನ ಅಂಚು ಏರಿ ಮೊದಲು ಕುರ್ಚಿಗಳ ಕಾಲು ಮುಚ್ಚಿತು, ಆಮೇಲೆ ಮೇಜು, ಮಡಿಲಲ್ಲಿ ಬಿದ್ದಿದ್ದ ಅವಳ ಎರಡು ಕೈ, ಕೊನೆಗೆ ಉಳಿದದ್ದು ಹಿಂದಕ್ಕೆ ಚೆಲ್ಲಿದ ತಲೆ, ತೆರೆದ ಬಾಯಿ, ಆ ಕಪ್ಪು ಜಾಗ, ಹದಿನಾಲ್ಕು ಲಿಫ್ಟುಗಳ ಒಂದೊಂದು ಉಸಿರೂ ಕೇಳುವ ಅವನು ಹಣೆಯನ್ನು ಗಾಜಿಗೆ ಒತ್ತಿ ನಿಂತಿದ್ದಾನೆ, ಗಾಜು ದಪ್ಪ, ಅವಳು ನಗುತ್ತಿದ್ದಾಳೆ, ಏನೂ ಕೇಳಿಸುತ್ತಿಲ್ಲ