ಟಕ್ ಅಂತ ಮುರಿಯುವ ಮಾವು

ಹಿತ್ತಲ ಮಾವಿನ ಮರ ಆ ವರ್ಷವೂ ಒಂದೇ ಸಲಕ್ಕೆ ಹಣ್ಣು ಸುರಿಯಿತು. ತಿಂದದ್ದಾಯ್ತು, ಅಕ್ಕಪಕ್ಕಕ್ಕೆ ಹಂಚಿದ್ದಾಯ್ತು. ಮಿಕ್ಕಿದ್ದು ನೆಲದಲ್ಲಿ ಕೊಳೆತು ನೊಣ ಮುತ್ತಿತು. ಟೈಲರಕ್ಕನಿಗೆ ಹೊಲಿಗೆ ಬಿಟ್ಟು ಅದನ್ನು ಗುಡಿಸುವುದೇ ಕೆಲಸ. ಲಾರಿ ಓಡಿಸುವ ಗಂಡ ಮನೆಗೆ ಬರುವಷ್ಟರಲ್ಲಿ ಮರದಲ್ಲಿ ಕೊನೆಯ ಒಂದೆರಡು ಬುಟ್ಟಿ ಹಣ್ಣಷ್ಟೇ.

ಮಹಿಳಾ ಸಂಘದವರೆಲ್ಲ ಸೇರಿ ತಂದ, ಹಣ್ಣು ಒಣಗಿಸುವ ಫ್ರೀಜ್ ಡ್ರೈಯರ್ ಮಷಿನ್ ಅವಳ ಹೊಲಿಗೆ ಕೋಣೆಯಲ್ಲೇ ಇತ್ತು. ಹಣ್ಣು ಬೀಳಲು ಶುರುವಾದಾಗಲೇ ಮೊದಲ ಸಲ ಅವಳೇ ಮುಂದೆ ಬಿದ್ದು ಹಣ್ಣು ಒಣಗಿಸಿ, ಡಬ್ಬಿ ತುಂಬಿ ಗಂಡನ ಕೈಗೆ ಕೊಟ್ಟಿದ್ದಳು. ಅವನು ವಾಪಸ್ ತಂದ ಡಬ್ಬಿ ತೆಗೆದರೆ ಒಳಗೆಲ್ಲ ಬೂಷ್ಟು.

"ಹಗಲೂ ರಾತ್ರಿ ಗೊರಕೆ ಹೊಡೆದು ಕೊನೆಗೆ ಬೂಷ್ಟು ಹೆತ್ತಿತಲ್ಲ ನಿನ್ನ ಮಷಿನ್!" ಅಂದರು ಅತ್ತೆ.

ಸಂಘದವರೂ ಮುಖ ಚಿಕ್ಕದು ಮಾಡಿಕೊಂಡು, "ವಾಪಸ್ ಕೊಟ್ಟುಬಿಡೋಣ" ಎಂದರು. ಟೈಲರಕ್ಕನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. "ಇನ್ನೊಂದು ಸಲ ನೋಡ್ತೀನಿ. ಆಗಲೂ ಕೆಟ್ಟರೆ ನಾನೇ ಹೊತ್ತುಕೊಂಡು ಹೋಗಿ ಕೊಡ್ತೀನಿ."

ನರ್ಸ್ ಆಗಿದ್ದ ನಾದಿನಿ ರಜೆಗೆ ಬಂದಿದ್ದಳು. "ಬೂಷ್ಟು ಬಂದ ಜಾಗ ಮಾತ್ರ ತೆಗೆದು ತಿನ್ನೋಣ ಅನ್ನಬೇಡಿ ಅತ್ತಿಗೆ, ಪೂರ್ತಿ ಎಸೀರಿ" ಎಂದಳು. "ತಟ್ಟೆಯಿಂದ ತೆಗೆದಾಗ ತುಂಡು ಒಳಗೆ ತಣ್ಣಗಿತ್ತಾ?"

"ಸ್ವಲ್ಪ ತಣ್ಣಗಿತ್ತು. ಮಷಿನ್ನಿನದ್ದೇ ತಂಪು ಅಂದ್ಕೊಂಡೆ."

"ಅಲ್ಲೇ ಎಡವಟ್ಟಾಗಿದ್ದು! ಈ ಮಷಿನ್ ಹಣ್ಣಲ್ಲಿರೋ ನೀರನ್ನ ಮಂಜುಗಡ್ಡೆ ಮಾಡತ್ತೆ. ಆಮೇಲೆ ಒಳಗಿನ ಗಾಳಿ ಎಳೆದು, ಆ ಮಂಜನ್ನ ನೀರಾಗೋಕೆ ಬಿಡದೆ ಹಾಗೇ ಆವಿ ಮಾಡಿ ಹಣ್ಣಿಂದ ಹೊರಗೆ ಹಾಕತ್ತೆ. ತಣ್ಣಗಿದೆ ಅಂದ್ರೆ ಇನ್ನೂ ಮಂಜಿದೆ, ಅಂದ್ರೆ ನೀರಿದೆ."

"ನಮ್ಮ ಫ್ರಿಜ್ಜಲ್ಲೇ ಇಟ್ಟರೆ ಆಗಲ್ವಾ?" ಅತ್ತೆ ಕೆಣಕಿದರು.

"ಹಣ್ಣು ಗಟ್ಟಿಯಾಗತ್ತೆ ಅಮ್ಮ, ಒಣಗಲ್ಲ. ಹೊರಗೆ ತೆಗೆದ ಕೂಡಲೇ ಮೆತ್ತಗಾಗತ್ತೆ."

ಟೈಲರಕ್ಕ ಕೈ ತೊಳೆದು, ಕೆಟ್ಟ ಹಣ್ಣು ಬೇರೆ ಮಾಡಿ, ಬಟ್ಟೆ ಕತ್ತರಿಸುವಷ್ಟೇ ಅಚ್ಚುಕಟ್ಟಾಗಿ ಸಮನಾದ ತೆಳು ಹೋಳು ಹೆಚ್ಚಿದಳು. ಒಂದರ ಮೇಲೊಂದು ಬೀಳದ ಹಾಗೆ ತಟ್ಟೆಯಲ್ಲಿ ಹರಡಿದಳು. ಮಷಿನ್ ಮತ್ತೆ ಗೊರಕೆ ಶುರುಮಾಡಿತು.

ಮರುದಿನ ಮಷಿನ್ ನಿಂತಿತು. ನಡುವಿನ ತಟ್ಟೆಯ ಹೋಳೊಂದನ್ನು ಮುರಿದು ನೋಡಿದರೆ ಒಳಗೆ ಇನ್ನೂ ತಣ್ಣಗೆ, ಮೆತ್ತಗೆ. ಸಂಘದವರು ಬಾಗಿಲಲ್ಲಿ ನಿಂತು ಕಾಯುತ್ತಿದ್ದರು. ಟೈಲರಕ್ಕನಿಗೆ ಮನಸ್ಸು ತಡೆಯಲಿಲ್ಲ. "ಸುಮಾರಾಗಿ ಒಣಗಿದೆ ಅನ್ನಿಸತ್ತೆ, ತುಂಬಿಬಿಡಲಾ?"

"ಮುಟ್ಟಿದರೆ ನೋಡು!" ಅಂತ ಗದರಿದವರು ಅತ್ತೆ. "ಆಗಲೇ ಹೇಳಿದಳಲ್ಲ, ತಣ್ಣಗಿದ್ದರೆ ನೀರಿದೆ ಅಂತ. ಒಳಗಿಡು ವಾಪಸ್ಸು."

ನಾದಿನಿ ನಕ್ಕಳು. ತಟ್ಟೆಗಳು ಮತ್ತೆ ಒಳಗೆ ಹೋದವು.

ಎರಡನೇ ಸಲ ತೆಗೆದಾಗ ಅತ್ತೆಯೇ ಹೋಳೊಂದನ್ನು ಮುರಿದರು. ಟಕ್! ಒಳಗೂ ಒಣಗಿತ್ತು, ತಣ್ಣಗಿರಲಿಲ್ಲ. ಬಾಯಿಗೆ ಹಾಕಿಕೊಂಡರು, ಹಲ್ಲಿಲ್ಲದ ಬಾಯಲ್ಲೂ ಕರಗಿತು. "ಮಾವೇ ಕಣೇ ಇದು!" ಎಂದರು.

ಗಾಳಿಯ ತೇವ ಹಿಡಿಯುವ ಮೊದಲೇ ಹೋಳುಗಳನ್ನು ಒರೆಸಿ ಒಣಗಿಸಿದ ಗಾಜಿನ ಭರಣಿಗೆ ತುಂಬಿದರು. ಗಾಳಿಯಲ್ಲಿನ ಆಮ್ಲಜನಕ ಹೀರುವ ಪುಟ್ಟ ಪೊಟ್ಟಣ ಒಂದು ಒಳಗೆ ಬಿತ್ತು. "ಇದನ್ನ ಯಾರೂ ತಿನ್ನಬಾರದು" ಎಂದು ನಾದಿನಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಮುಚ್ಚಳ ಬಿಗಿಯಾಯಿತು, ಭರಣಿ ಬಿಸಿಲು ಬೀಳದ ಕಪಾಟು ಸೇರಿತು. ಮಷಿನ್ ವಾಪಸ್ ಕೊಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮುಂದಿನ ಸರದಿ ಯಾರದು ಅನ್ನುವುದೇ ಜಗಳ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಣ್ಣು ಕೊಳೆತು ಹೋಗುತ್ತಿದೆಯೇ? ನಾಲ್ಕು ಮನೆಯವರು ಸೇರಿ ಮಷಿನ್ ತನ್ನಿ. ತೆಳುವಾಗಿ ಹೆಚ್ಚಿ, ಪೂರ್ತಿ ಒಣಗಿಸಿ, ಗಾಳಿಯಾಡದಂತೆ ಮುಚ್ಚಿಡಿ. ಅವಸರ ಮಾತ್ರ ಬೇಡ. ಒಂದು ಸಲ ಕೆಟ್ಟರೆ ಕೈಬಿಡಲೂ ಬೇಡಿ.